ಅಂಬಿಗನಿಗೆ ಮಾತಿಲ್ಲ

ಹಿರೇಕೊಪ್ಪಲಿನ ತಮ್ಮಯ್ಯನಿಗೆ ಗದ್ದೆಯಲ್ಲಿ ಒಂದು ಹೆಸರು, ಆಟದ ಚಪ್ಪರದಲ್ಲಿ ಇನ್ನೊಂದು. ಗದ್ದೆಯಲ್ಲಿ ಅವನು ತಮ್ಮಯ್ಯ. ರುದ್ರಪಟ್ಟಣದಿಂದ ಎರಡು ಮೈಲಿ ಈಚೆಗೆ, ಕಾವೇರಿ ದಂಡೆಯಲ್ಲಿ ಅವನಿಗೆ ಒಂದೂವರೆ ಎಕರೆ ಭೂಮಿಯಿತ್ತು. ಚಪ್ಪರದಲ್ಲಿ ಅವನು ಕೋಡಂಗಿ.

ಮೂಡಲಪಾಯದ ಬಯಲಾಟ ನೋಡಿದವರಿಗೆ ಕೋಡಂಗಿಯ ವಿಷಯ ಹೇಳಬೇಕಾಗಿಲ್ಲ. ನೋಡದವರಿಗೆ ಹೇಳದೆ ಈ ಕತೆ ಮುಂದಕ್ಕೆ ಹೋಗುವುದಿಲ್ಲ. ಆಟದಲ್ಲಿ ಇಬ್ಬರು ಒಂದು ಬಟ್ಟೆಯನ್ನು ಅಡ್ಡ ಹಿಡಿಯುತ್ತಾರೆ. ಅದರ ಹಿಂದೆ ರಾಜನೋ ರಾಕ್ಷಸನೋ ಬಂದು ನಿಲ್ಲುತ್ತಾನೆ. ಊದುವ ಮುಖವೀಣೆ ಕೂಗುತ್ತದೆ, ಮದ್ದಲೆ ಗುಡುಗುತ್ತದೆ, ಬಟ್ಟೆ ಸರಿಯುತ್ತದೆ. ಆದರೂ ಆ ರಾಜ ಇನ್ನೂ ರಾಜನಲ್ಲ, ಮೈಗೆ ಮರದ ಭುಜಕೀರ್ತಿ ಕಟ್ಟಿಕೊಂಡು ನಿಂತ ಊರಿನವನೇ. ಆಗ ಹಾಳೆಯ ಚೂಪು ಟೋಪಿ ಹಾಕಿಕೊಂಡ ಕೋಡಂಗಿ ಕುಣಿಯುತ್ತ ಬಂದು, ಅವನ ಸುತ್ತ ಒಂದು ಸುತ್ತು ಹಾಕಿ, ಅಂಗಾಲಿನಿಂದ ನೆತ್ತಿವರೆಗೆ ನೋಡಿ, "ಯಾರಪ್ಪಾ ನೀನು? ಯಾವೂರು? ಯಾರ ಮಗ?" ಎಂದು ಕೇಳಬೇಕು. ವೇಷದವನು ಎದೆ ಸೆಟೆಸಿ ತನ್ನ ಊರು, ತಂದೆ, ಹೆಸರು ಎಲ್ಲ ಹೇಳುತ್ತಾನೆ. ಹೇಳಿದ ಮೇಲೆ ಅವನು ರಾಜ. ಅಲ್ಲಿಗೆ ಕೋಡಂಗಿಯ ಕೆಲಸ ಮುಗಿಯಿತು. ಅವನು ಪಕ್ಕಕ್ಕೆ ಸರಿದು ಜಾಗ ಬಿಡಬೇಕು.

ಇನ್ನೊಂದು ಕಟ್ಟುಪಾಡೂ ಇತ್ತು. ವೇಷದವರೆಲ್ಲ ಆಟಕ್ಕೆ ಮುಂಚೆ ಭಾಗವತರ ಕಾಲಿಗೆ ಬೀಳುತ್ತಾರೆ, ಮದ್ದಲೆಗೆ ಕೈ ಮುಗಿಯುತ್ತಾರೆ, ವೇಷದ ಪೆಟ್ಟಿಗೆಗೂ ಮುಗಿಯುತ್ತಾರೆ. ಕೋಡಂಗಿಗೆ ಮಾತ್ರ ಯಾರೂ ಬಾಗುವಂತಿಲ್ಲ. ಕಿರೀಟ ಇಟ್ಟ ತಲೆ ಕೋಡಂಗಿಯ ಕಾಲು ಮುಟ್ಟಿದರೆ ಆ ಆಟ ಕೆಟ್ಟಂತೆ. ಯಾರಾದರೂ ಮರೆತು ಬಾಗಲು ಬಂದರೆ ಕೋಡಂಗಿಯೇ ಹಿಂದಕ್ಕೆ ನೆಗೆಯಬೇಕು. ತಮ್ಮಯ್ಯ ಮೂವತ್ತು ವರ್ಷ ಹಾಗೆ ನೆಗೆದಿದ್ದ. ಅವನ ಅಪ್ಪನೂ ನೆಗೆದಿದ್ದ.

ಚಲುವಯ್ಯ ಅವನ ಒಬ್ಬನೇ ಮಗ. ನಾಲ್ಕೈದು ವರ್ಷದವನಿದ್ದಾಗ ದಿನಾ ಸಂಜೆ ಆಡಿಕೊಂಡು ಬಂದು ಹೊಸಿಲ ಮೇಲೆ ಕಾಲಿಟ್ಟರೆ ತಮ್ಮಯ್ಯ ಒಳಗಿನಿಂದ ಅಡ್ಡ ಬರುತ್ತಿದ್ದ. "ಯಾರಪ್ಪಾ ನೀನು? ಯಾವೂರು? ಯಾರ ಮಗ?"

ಹುಡುಗ ಸೊಂಟದ ಮೇಲೆ ಕೈಯಿಟ್ಟು ಎದೆ ಉಬ್ಬಿಸಿ ಕೂಗುತ್ತಿದ್ದ: "ಹಿರೇಕೊಪ್ಪಲು! ತಮ್ಮಯ್ಯನ ಮಗ ಚಲುವಯ್ಯ! ಮುದ್ದೆಗೆ ಬಂದಿವ್ನಿ!"

"ಅಂಗಾದ್ರೆ ಒಳೀಕ್ ಬಾರಪ್ಪಾ ದೊರೆ" ಎಂದು ತಮ್ಮಯ್ಯ ಪಕ್ಕಕ್ಕೆ ಸರಿಯುತ್ತಿದ್ದ. ಅಡಿಗೆ ಒಲೆಯ ಮುಂದೆ ಕೂತ ಲಕ್ಷ್ಮಿದೇವಮ್ಮ, "ದಿನಾ ಒಂದೇ ಆಟ. ಅಪ್ಪಂಗೂ ಬುದ್ಧಿ ಇಲ್ಲ, ಮಗಂಗೂ ಇಲ್ಲ" ಎಂದು ಗೊಣಗುತ್ತ ದೊಡ್ಡ ಮುದ್ದೆಯನ್ನೇ ತಟ್ಟೆಗಿಡುತ್ತಿದ್ದಳು.

ಅರಕಲಗೂಡಿನ ಹೈಸ್ಕೂಲಿಗೆ ಸೇರಿದ ವರ್ಷ ಆ ಆಟ ನಿಂತಿತು. ಒಂದು ಸಂಜೆ ತಮ್ಮಯ್ಯ ಎಂದಿನಂತೆ ಕೇಳಿದ್ದಕ್ಕೆ ಚಲುವ, "ಬುಡಪ್ಪಾ ಅತ್ಲಾಗೆ" ಎಂದು ತೋಳಿನಡಿ ನುಸುಳಿ ಒಳಗೆ ಹೋದ. ಕ್ಲಾಸಿನ ಹುಡುಗರು ಅವನನ್ನು 'ಕೋಡಂಗಿ ಮಗ' ಎಂದು ಕರೆಯುತ್ತಿದ್ದಾರೆಂದು ತಿಳಿಯುವುದಕ್ಕೆ ತಮ್ಮಯ್ಯನಿಗೆ ಆರು ತಿಂಗಳು ಹಿಡಿಯಿತು. ತಿಳಿದ ಮೇಲೆ ಅವನು ಹೊಸಿಲಿಗೆ ಅಡ್ಡ ಬರುವುದನ್ನು ಬಿಟ್ಟ.

ಅದಾಗಿ ಕೆಲವು ವರ್ಷಕ್ಕೆ ಭಾಗವತ ಗಂಗಾಧರಯ್ಯನವರ ಕಣ್ಣು ಮಂಜಾಯಿತು. ಆಟ ಎರಡು ವರ್ಷಕ್ಕೊಂದು, ಮೂರು ವರ್ಷಕ್ಕೊಂದು ಆಯಿತು. ಊರಿನ ಹುಡುಗರು ನಾಟಕ ಬೇಕು ಎಂದರು. ಪರದೆ ಮೇಲಕ್ಕೇಳುವ ನಾಟಕ, ಹಾರ್ಮೋನಿಯಂ ಇರುವ ನಾಟಕ, ವೇಷದವನೇ ಹಾಡುವ ನಾಟಕ. ಚನ್ನರಾಯಪಟ್ಟಣದ ಕಡೆಯಿಂದ ಶಾಂತಿರಾಜಯ್ಯ ಎಂಬ ಡ್ರಾಮಾ ಮೇಷ್ಟ್ರನ್ನು ಕರೆತಂದರು. ಅವರು ಜೈನರು. ನಾಟಕ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಹಾರ್ಮೋನಿಯಂ ಬಾರಿಸಿ, ಕಂಪನಿ ಮುಚ್ಚಿದ ಮೇಲೆ ಪೆಟ್ಟಿಗೆ ಹೊತ್ತುಕೊಂಡು ಊರೂರಿಗೆ ನಾಟಕ ಕಲಿಸುತ್ತಿದ್ದರು. ಹೊತ್ತು ಮುಳುಗುವುದಕ್ಕೆ ಮೊದಲು ಊಟ ಮುಗಿಸಿ, ಆಮೇಲೆ ಬೆಳಗಿನವರೆಗೂ ನೀರು ಕೂಡ ಮುಟ್ಟದೆ ಹಾಡಿಸುತ್ತಿದ್ದರು. ಅಂಥ ಶಿಸ್ತಿನವರು.

ನಾಟಕ ಮೇಷ್ಟ್ರದೇ ರಚನೆ. ಹೊಳೆಯಲ್ಲಿ ತೇಲಿಬಂದ ರಾಜನ ಕೂಸನ್ನು ಒಬ್ಬ ಅಂಬಿಗ ಎತ್ತಿ ಸಾಕುತ್ತಾನೆ. ಕೂಸು ಬೆಳೆದು ಧವಳಸೇನನೆಂಬ ದೊರೆಯಾಗುತ್ತಾನೆ. ಪಟ್ಟದ ದಿನ, ತುಂಬಿದ ಸಭೆಗೆ ಮುದಿ ಅಂಬಿಗ ಹುಟ್ಟು ಹಿಡಿದುಕೊಂಡು ಬರುತ್ತಾನೆ. ಸಭೆ ನಗುತ್ತದೆ. ದೊರೆ ಸಿಂಹಾಸನ ಇಳಿದು ಬಂದು, ಕಿರೀಟದ ತಲೆಯನ್ನು ಅಂಬಿಗನ ಕಾಲಿಗಿಟ್ಟು ಹಾಡುತ್ತಾನೆ. ಧವಳಸೇನನ ಪಾತ್ರ ಚಲುವಯ್ಯನಿಗೆ ಬಂತು. ಅವನ ಗಂಟಲು ಹಾಗಿತ್ತು. "ತಮ್ಮಯ್ಯ, ನಿಮ್ಮ ಮಗನ ಕಂಠದಲ್ಲಿ ಜೇನಿದೆಯಪ್ಪ. ಹೊಟ್ಟೆಪಾಡಿಗೆ ನೇಗಿಲು ಹಿಡಿಸಬೇಡಿ" ಎಂದರು ಮೇಷ್ಟ್ರು. ಅಂದು ತಮ್ಮಯ್ಯ ಮನೆಗೆ ಬಂದು ಹೆಂಡತಿಗೆ ಅದನ್ನು ಮೂರು ಸಲ ಹೇಳಿದ.

ಅರಕಲಗೂಡಿನ ಸಂತೆಯ ದಿನ ಅದು ನಡೆಯಿತು. ತಮ್ಮಯ್ಯ ಮೆಣಸಿನಕಾಯಿ ಮೂಟೆ ಇಳಿಸಿ, ಕಾಫಿ ಹೋಟೆಲಿನ ತಡಿಕೆಯ ಹಿಂದೆ ಕೂತು ಬೀಡಿ ಹಚ್ಚಿದ್ದ. ತಡಿಕೆಯ ಆಚೆ ಮಗನ ದನಿ. ಸಂದಿಯಿಂದ ನೋಡಿದರೆ, ಜೊತೆಯಲ್ಲಿ ನಾಟಕ ಕಂಪನಿಯೊಂದರ ಮ್ಯಾನೇಜರು ಗುಂಡಯ್ಯ. ಅವರ ಕಂಪನಿ ಆಗ ಚನ್ನರಾಯಪಟ್ಟಣದಲ್ಲಿ ಟೆಂಟು ಹಾಕಿತ್ತು. ಒಳ್ಳೆಯ ಗಂಟಲಿನ ಹುಡುಗರನ್ನು ಹುಡುಕಿಕೊಂಡು ಅವರು ಊರೂರು ತಿರುಗುತ್ತಿದ್ದರು.

"ಹಾಸನದ ಎಕ್ಸಿಬಿಷನ್‌ನಲ್ಲಿ ನಿಮ್ಮೂರ ನಾಟಕ ಐತಂತಲ್ಲ. ಅಲ್ಲಿ ಬಂದು ನೋಡ್ತೀನಿ. ಸರಿಹೋದ್ರೆ ಅಲ್ಲಿಂದ್ಲೇ ಕರ್ಕೊಂಡೋಗ್ತೀನಿ" ಎಂದರು ಗುಂಡಯ್ಯ. "ನಿಮ್ಮಪ್ಪ ಏನ್ ಮಾಡ್ತಾರಪ್ಪ? ಅವರ ಒಪ್ಪಿಗೆ ಬೇಕಲ್ಲ?"

ಚಲುವಯ್ಯ ಒಂದು ಗುಟುಕು ಕಾಫಿ ಕುಡಿದು ಹೇಳಿದ:

"ನಮ್ಮಪ್ಪ ಇಲ್ಲ ಸಾ."

ತಮ್ಮಯ್ಯನ ಬೀಡಿ ಬೆರಳು ಸುಡುವವರೆಗೂ ಉರಿಯಿತು. ಎದ್ದು ಹಿಂದಿನ ಓಣಿಯಿಂದ ಊರ ಕಡೆ ನಡೆದ. ಲಕ್ಷ್ಮಿದೇವಮ್ಮ, "ಮೆಣಸಿನಕಾಯಿ ಏನ್ ರೇಟು?" ಎಂದು ಕೇಳಿದಾಗ ಅವನಿಗೆ ನೆನಪಾಗಲಿಲ್ಲ. ಮಗನನ್ನು ಅವನು ಏನೂ ಕೇಳಲಿಲ್ಲ. ಕೇಳುವುದೇ ಕಸುಬಾದವನಿಗೆ ಆ ಒಂದು ಪ್ರಶ್ನೆಗೆ ಮಾತ್ರ ಬಾಯಿ ಏಳಲಿಲ್ಲ.

ಹಾಸನಕ್ಕೆ ಹೋಗುವುದಕ್ಕೆ ಎಂಟು ದಿನ ಇದೆ ಎನ್ನುವಾಗ ಅಂಬಿಗನ ಪಾತ್ರದ ಬೋರಪ್ಪನಿಗೆ ಮೈತುಂಬ ಗುಳ್ಳೆಯಾಗಿ ಅಮ್ಮ ಎದ್ದಿತು. ಮೇಷ್ಟ್ರು ತಮ್ಮಯ್ಯನ ಮನೆಗೇ ಬಂದರು.

"ನೀವೇ ಅಂಬಿಗನಾಗಬೇಕು. ಒಂದೂ ಮಾತಿಲ್ಲ. ಬರಬೇಕು, ನಿಲ್ಲಬೇಕು, ದೊರೆ ಬಂದು ಕಾಲಿಗೆ ಬಿದ್ದಾಗ ಅವನ ತಲೆ ಮೇಲೆ ಕೈಯಿಡಬೇಕು. ಅಷ್ಟೇ."

"ಮಾತಿಲ್ದೆ ನಾನು ಸ್ಟೇಜ್ ಮ್ಯಾಲೆ ನಿಂತ್ಕಬೇಕಾ ಸಾ?" ತಮ್ಮಯ್ಯ ನಕ್ಕ. "ಮೀನಿಗೆ ಮರ ಅತ್ತು ಅಂದಂಗಾಯ್ತು."

"ನಿಮ್ಮ ಬಯಲಾಟ ಮಾತಿನ ಮೇಲೆ ನಿಂತಿದೆ, ತಮ್ಮಯ್ಯ. ನಮ್ಮ ನಾಟಕದಲ್ಲಿ ಯಾರು ಯಾರೆಂದು ಕೇಳುವವರಿಲ್ಲ. ಪರದೆಯೆದ್ದರೆ ದೊರೆ ದೊರೆಯೇ. ನೀವು ಬಾಯಿ ತೆರೆದಿರೋ, ಅಲ್ಲಿಗೆ ನನ್ನ ನಾಟಕ ಮುಗಿಯಿತು."

ಮೂಲೆಯಲ್ಲಿ ಕೂತಿದ್ದ ಚಲುವಯ್ಯ ತಲೆ ಎತ್ತಲಿಲ್ಲ. "ಬ್ಯಾರೆ ಯಾರೂ ಸಿಗ್ಲಿಲ್ವಾ ಸಾ?" ಎಂದಷ್ಟೇ ಕೇಳಿದ.

ತಮ್ಮಯ್ಯ ಅದನ್ನು ಕೇಳಿಸಿಕೊಂಡ. ಕೇಳಿಸಿಕೊಂಡೇ, "ಆಯ್ತು ಸಾ, ಮಾಡ್ತೀನಿ" ಎಂದ. ಯಾಕೆ ಒಪ್ಪಿದನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. 'ಅಪ್ಪ ಇಲ್ಲ' ಎಂದವನು ಆ ಗುಂಡಯ್ಯನ ಕಣ್ಣೆದುರಿಗೆ, ಸಾವಿರ ಜನರ ಮುಂದೆ, ಒಂದು ಸಲ ತನ್ನ ಕಾಲಿಗೆ ಬೀಳುತ್ತಾನೆ. ನಾಟಕಕ್ಕೇ ಆಗಲಿ. ಅದೊಂದನ್ನು ನೋಡಿಕೊಂಡು ಬಿಡೋಣ ಎಂದು.

ಅಭ್ಯಾಸದಲ್ಲಿ ಚಲುವಯ್ಯ ಒಂದು ದಿನವೂ ಬೀಳಲಿಲ್ಲ. ಆ ಜಾಗ ಬಂದಾಗ, "ಇಲ್ಲಿ ಕಾಲಿಗೆ ಬೀಳೋದು, ಅವತ್ತು ಮಾಡ್ತೀನಿ ಸಾ" ಎಂದು ಹಾಡಿಗೆ ಹಾರಿಬಿಡುತ್ತಿದ್ದ. ತಮ್ಮಯ್ಯ ಹುಟ್ಟು ಹಿಡಿದು ಸುಮ್ಮನೆ ನಿಂತಿರುತ್ತಿದ್ದ. ಬಾಯಿ ತಾನಾಗಿ ತೆರೆದುಕೊಳ್ಳದಿರಲಿ ಎಂದು ನಾಲಿಗೆಯ ಕೆಳಗೆ ಒಂದು ಹುಣಸೆ ಬೀಜ ಇಟ್ಟುಕೊಳ್ಳುವ ಉಪಾಯ ಕಂಡುಕೊಂಡಿದ್ದ. ಎಂಟು ದಿನವೂ ಬೀಜ ಬೀಳಲಿಲ್ಲ. ಗಂಗಾಧರಯ್ಯನವರಿಗೆ ಇದನ್ನು ಹೇಳಿದಾಗ ಅವರು ಕಾಣದ ಕಣ್ಣನ್ನು ಅವನ ಕಡೆ ತಿರುಗಿಸಿ, "ಬಾಯಿ ಕಟ್ಟಿದ್ದು ಸರಿ ಕಣ್ಲಾ. ಕಾಲು ಕಟ್ಟಿದ್ದೀಯಾ?" ಎಂದರು. ತಮ್ಮಯ್ಯನಿಗೆ ಅರ್ಥವಾಗಲಿಲ್ಲ. ಮುದುಕ ಏನೋ ಹೇಳುತ್ತಾನೆ ಎಂದುಕೊಂಡ.

ಹಾಸನದಲ್ಲಿ ಎಕ್ಸಿಬಿಷನ್ನಿನ ದೊಡ್ಡ ಚಪ್ಪರ. ತಾಲೂಕಿಗೊಂದು ತಂಡ, ತಂಡಕ್ಕೆ ಮುಕ್ಕಾಲು ಗಂಟೆ, ಮುಂದಿನ ಸಾಲಿನಲ್ಲಿ ಕನ್ನಡಕ ಹಾಕಿಕೊಂಡ ಮೂವರು ತೀರ್ಪುಗಾರರು. ಹಿರೇಕೊಪ್ಪಲಿನವರ ಸರದಿ ಸಂಜೆ ನಾಲ್ಕಕ್ಕೆ. ಅದಕ್ಕೆ ಮುಂಚೆ ಹೊಳೆನರಸೀಪುರದ ಕಡೆಯವರು ತೊಗಲುಗೊಂಬೆ ಆಡಿಸಿದರು. ಹಗಲು ಬೆಳಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿಕೊಂಡಿದ್ದರು. ಕಂಬಳಿಯ ತೂತಿನಿಂದ ಬಿಸಿಲು ಬಿದ್ದು ಗೊಂಬೆಯ ರಾಣಿಗೆ ಎರಡು ಮೂಗು ಕಂಡವು. ಜನ ನಕ್ಕರು. ಅದಾದ ಮೇಲೆ ಹಾಸನದ ಪೇಟೆಯವರ ನಾಟಕ. ವಕೀಲರು, ಗುಮಾಸ್ತರು, ಶಾಲೆಯ ಮೇಷ್ಟ್ರುಗಳು ಸೇರಿ ಹವ್ಯಾಸಕ್ಕೆ ಆಡುವುದು. ಕಿರೀಟವಿಲ್ಲ, ಹಾಡಿಲ್ಲ. ಒಂದು ಮೇಜು, ಎರಡು ಕುರ್ಚಿ, ಒಂದು ಹಗ್ಗದ ಮಂಚ.

"ಇದೇನ್ ಸಾ, ಮನೇಲಿ ಆಡೋ ಮಾತ್ನೇ ಆಡ್ತಾವ್ರೆ. ಇದಕ್ಕೆ ಟಿಕೀಟು ಬ್ಯಾರೆ" ಎಂದ ತಮ್ಮಯ್ಯ, ಅಂಬಿಗನ ಬಣ್ಣ ಹಚ್ಚಿಸಿಕೊಳ್ಳುತ್ತ, ಪಕ್ಕದ ಸಂದಿಯಿಂದ ಇಣುಕಿ.

ಮೇಷ್ಟ್ರು ಬೆರಳು ಬಾಯಿಗಿಟ್ಟು ತೋರಿಸಿದರು. ಅಲ್ಲಿ ಒಬ್ಬ ಹೆಂಗಸು, ನಿಜವಾದ ಹೆಂಗಸೇ, ಸ್ಕೂಲ್ ಟೀಚರಂತೆ, ತೀರಿಹೋದ ಮಗುವಿನ ಅಂಗಿಯನ್ನು ಮಡಿಸುತ್ತಿದ್ದಳು. ಒಂದು ತೋಳು ಮಡಿಸಿದಳು, ಇನ್ನೊಂದು ಮಡಿಸಿದಳು, ಗುಂಡಿ ಹಾಕಿದಳು. ಮತ್ತೆ ಗುಂಡಿ ಬಿಚ್ಚಿ, ಮತ್ತೆ ಮೊದಲಿಂದ ಮಡಿಸಿದಳು. ಮಾತಿಲ್ಲ, ಅಳುವೂ ಇಲ್ಲ. ಚಪ್ಪರದಲ್ಲಿ ಒಂದು ಕೆಮ್ಮು ಕೂಡ ಏಳಲಿಲ್ಲ. ತಮ್ಮಯ್ಯನ ಕಣ್ಣಿಂದ ನೀರಿಳಿದು ಹಚ್ಚಿದ ಬಣ್ಣದ ಮೇಲೆ ಗೆರೆ ಬಿತ್ತು.

"ಮಾತು ಇಲ್ದೇನೂ ಆಯ್ತದೆ ಅಲ್ವಾ ಸಾ?"

"ಆಗುತ್ತೆ, ತಮ್ಮಯ್ಯ. ಇವತ್ತು ನೀವೂ ಮಾಡ್ತೀರಿ" ಎಂದು ಮೇಷ್ಟ್ರು ತಾವೇ ಅವನ ಕೆನ್ನೆಯ ಬಣ್ಣ ಸರಿಮಾಡಿದರು. ತಮ್ಮಯ್ಯ ಹುಣಸೆ ಬೀಜವನ್ನು ನಾಲಿಗೆಯ ಕೆಳಗಿಟ್ಟುಕೊಂಡ. ಆ ಹೆಂಗಸಿನ ಹಾಗೆ ನಿಲ್ಲುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ನಾಟಕ ಚೆನ್ನಾಗಿ ಏರಿತು. ಚಲುವಯ್ಯನ ಮೊದಲ ಹಾಡಿಗೇ ಜನ 'ಒನ್ಸ್ ಮೋರ್' ಕೂಗಿದರು. ಎರಡನೆಯ ಸಾಲಿನಲ್ಲಿ ಕೂತಿದ್ದ ಗುಂಡಯ್ಯ ತೊಡೆಯ ಮೇಲೆ ತಾಳ ಹಾಕುತ್ತಿದ್ದುದು ತಮ್ಮಯ್ಯನಿಗೆ ಕಂಡಿತು. ಪಟ್ಟದ ಸಭೆಯ ಪರದೆ ಎದ್ದಿತು. ಹಿಂದೆ ಬಣ್ಣದ ಕಂಬಗಳ ಅರಮನೆ, ಮುಂದೆ ಮಖಮಲ್ಲಿನ ಸಿಂಹಾಸನ. ಅದರ ಮೇಲೆ ಕೂತ ಮಗ, ಹೊಳೆಯುವ ಕಿರೀಟ ಇಟ್ಟುಕೊಂಡು, ಯಾರದೋ ಮಗನಂತೆ ಕಂಡ.

ತಮ್ಮಯ್ಯ ಹುಟ್ಟು ಊರಿಕೊಂಡು ನಡೆದುಬಂದ. ಸಭಾಸದರು ನಕ್ಕರು. ಅವನು ನಿಂತ. ಚಲುವಯ್ಯ ಎದ್ದ, ಮೂರು ಮೆಟ್ಟಿಲಿಳಿದ, ಹತ್ತಿರ ಬಂದ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕಾಯುತ್ತಿತ್ತು. ಚಲುವಯ್ಯ ಅಪ್ಪನ ಮುಖ ನೋಡಿದ. ಎಂಟು ದಿನದಲ್ಲಿ ನೋಡಿರಲಿಲ್ಲ, ಈಗ ನೋಡಿದ. ನೋಡಿ, ಮಂಡಿಯೂರಿ, ಕಿರೀಟದ ತಲೆಯನ್ನು ನಿಜವಾಗಿಯೂ ತಗ್ಗಿಸಿದ.

ತಮ್ಮಯ್ಯನ ಕಾಲು ಹಿಂದಕ್ಕೆ ನೆಗೆಯಿತು.

ಅವನು ನೆಗೆದದ್ದಲ್ಲ. ಕಾಲು ನೆಗೆಯಿತು. ಮೂವತ್ತು ವರ್ಷ ಕಿರೀಟ ಬಾಗಿದಾಗಲೆಲ್ಲ ನೆಗೆದ ಕಾಲು. ನೆಗೆದ ಕಾಲಿನ ಹಿಂದೆಯೇ ಮೈ ಒಂದು ಸುತ್ತು ತಿರುಗಿತು, ಕೈಯ ಹುಟ್ಟು ಕೋಡಂಗಿಯ ಕೋಲಾಯಿತು, ಹುಣಸೆ ಬೀಜ ಹಲಗೆಯ ಮೇಲೆ ಟಿಕ್ ಎಂದು ಬಿತ್ತು. ಚಪ್ಪರದ ಕೊನೆಯವರೆಗೂ ಕೇಳುವ ದನಿಯಲ್ಲಿ ಬಾಯಿ ಕೇಳಿಯೇಬಿಟ್ಟಿತು:

"ಯಾರಪ್ಪಾ ನೀನು? ಯಾವೂರು? ಯಾರ ಮಗ?"

ಹಾರ್ಮೋನಿಯಂ ನಿಂತಿತು. ತಮ್ಮಯ್ಯನಿಗೆ ತಾನು ಮಾಡಿದ್ದೇನೆಂದು ಆಗ ತಿಳಿಯಿತು. ಬೀಜವನ್ನು ಹೆಕ್ಕಿಕೊಂಡು ಮತ್ತೆ ಬಾಯಿಗೆ ಹಾಕಿಕೊಂಡರೆ ಎಲ್ಲ ಸರಿಹೋದೀತೇನೋ ಎಂಬಂತೆ ಅವನು ಅದರ ಕಡೆಗೇ ನೋಡಿದ.

ಮಂಡಿಯೂರಿದ್ದ ಚಲುವಯ್ಯ ಮೇಲೆದ್ದ. ಎಡಗೈ ಸೊಂಟದ ಮೇಲೆ ಹೋಯಿತು. ಎದೆ ಉಬ್ಬಿತು. ದನಿ ಬಂತು:

"ಹಿರೇಕೊಪ್ಪಲು! ತಮ್ಮಯ್ಯನ ಮಗ ಚಲುವಯ್ಯ!"

ಮುದ್ದೆಯ ಮಾತು ಬಾಯಿಯವರೆಗೆ ಬಂದು ನಿಂತಿತು. ಆಮೇಲೆ ಹಿಂದಿನಿಂದ ಯಾರೋ, "ಲೇ, ದೊರೆ ಹೆಸರು ಧವಳಸೇನ ಅಲ್ವೇನ್ಲಾ?" ಎಂದ. ನಗೆ ಎದ್ದಿತು. ಚಪ್ಪರದ ಕಂಬ ಅಲ್ಲಾಡುವಂಥ ನಗೆ. ಮುಂದಿನ ಸಾಲಿನ ಮೂವರಲ್ಲಿ ಒಬ್ಬರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ಆ ನಗೆಯ ನಡುವೆಯೇ ಚಲುವಯ್ಯ ಹಾಡು ಎತ್ತಿದ. ಹಾರ್ಮೋನಿಯಂ ಇಲ್ಲ, ತಬಲ ಇಲ್ಲ, ಬರಿಯ ಗಂಟಲು. ಸಾಕಿದ ಕೈಯ ಋಣದ ಹಾಡು. ಹಾಡಿನ ಎರಡನೆಯ ಸಾಲಿಗೆ ನಗೆ ತಗ್ಗಿತು. ಮೇಷ್ಟ್ರು ಹಾರ್ಮೋನಿಯಂ ಮತ್ತೆ ಮುಟ್ಟಿದಾಗ ಅವನ ಸ್ವರ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ತಮ್ಮಯ್ಯ ಪಕ್ಕಕ್ಕೆ ಸರಿದು ನಿಂತಿದ್ದ. ತಲೆಯ ಮೇಲೆ ಕೈಯಿಡುವುದನ್ನು ಅವನು ಮರೆತೇಬಿಟ್ಟ.

ಬಹುಮಾನ ಪೇಟೆಯವರಿಗೆ ಹೋಯಿತು. ಹಿರೇಕೊಪ್ಪಲಿನ ತಂಡ ಬಯಲಾಟವನ್ನೂ ನಾಟಕವನ್ನೂ ಕಲೆಸಿ ಎರಡನ್ನೂ ಕೆಡಿಸಿತು ಎಂದು ತೀರ್ಪುಗಾರರು ಮೈಕಿನಲ್ಲಿ ಹೇಳಿದರು. ಅದು ನಿಜವೇ ಆಗಿತ್ತು.

ಬಣ್ಣದ ಕೋಣೆಯ ಹಿಂದೆ ಮೇಷ್ಟ್ರು ಬುತ್ತಿಯ ಗಂಟನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹೊತ್ತು ಮುಳುಗಿತ್ತು.

"ನನ್ನಿಂದ ಕೆಟ್ಟೋಯ್ತು ಸಾ" ಎಂದ ತಮ್ಮಯ್ಯ. "ನಿಮ್ದು ಊಟಾನೂ ಕೆಟ್ಟೋಯ್ತು."

"ಹೌದು, ಕೆಡ್ತು" ಎಂದರು ಮೇಷ್ಟ್ರು. ಸುಳ್ಳು ಸಮಾಧಾನ ಹೇಳುವವರಲ್ಲ ಅವರು. ಬುತ್ತಿಯ ಗಂಟನ್ನು ಪಕ್ಕಕ್ಕಿಟ್ಟು, "ಆ ಪ್ರಶ್ನೆಗೆ ನನ್ನ ನಾಟಕದಲ್ಲಿ ಉತ್ತರ ಬರೆದಿರಲಿಲ್ಲ. ಅವನಿಗೆ ಎಲ್ಲಿಂದ ಬಂತು?" ಎಂದು ಕೇಳಿದರು.

ತಮ್ಮಯ್ಯ ಕೆನ್ನೆಯ ಬಣ್ಣ ಒರೆಸಿಕೊಂಡ. ಹೊಸಿಲು, ಮುದ್ದೆ, ಲಕ್ಷ್ಮಿದೇವಮ್ಮನ ಗೊಣಗಾಟ, ಇದನ್ನೆಲ್ಲ ಯಾರಿಗೆ ಹೇಗೆ ಹೇಳುವುದು? ಹೇಳಿದರೂ, ಆ ಉತ್ತರ ಮಗನ ಮನಸ್ಸಿನಿಂದ ಬಂತೋ, ತನ್ನ ಕಾಲು ನೆಗೆದ ಹಾಗೆ ಅವನ ಬಾಯಿ ತಾನಾಗಿ ನೆಗೆಯಿತೋ, ಅದು ತಮ್ಮಯ್ಯನಿಗೂ ಗೊತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಗುಂಡಯ್ಯ ಎದುರಾದರು. ಚಲುವಯ್ಯ ಟ್ರಂಕು ಇಳಿಸಿ ನಿಂತ. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು.

"ಅಪ್ಪ ಇಲ್ಲ ಅಂದಿದ್ಯಲ್ಲಯ್ಯ?" ಎಂದರು ಗುಂಡಯ್ಯ.

ಚಲುವಯ್ಯ ನೆಲ ನೋಡಿದ. "ಅಪ್ಪ ಅವ್ರೆ ಸಾ" ಎಂದ. ಆಮೇಲೆ ತಲೆಯೆತ್ತಿ, "ಇವ್ರೇ ಸಾ" ಎಂದ.

ಗುಂಡಯ್ಯ ತಮ್ಮಯ್ಯನನ್ನು ಅಂಗಾಲಿನಿಂದ ನೆತ್ತಿವರೆಗೆ ನೋಡಿದರು. "ನೀನು ಇಲ್ದೇ ಇದ್ದಿದ್ರೆ ನನಗೆ ಸಲೀಸಿತ್ತು. ಇರೋವಾಗ ಕೇಳ್ದೆ ಕರ್ಕೊಂಡೋಗೋಕಾಗಲ್ಲ. ನಾಟಕ ಕೆಟ್ಟಿತು, ಅದು ಬೇರೆ ಮಾತು. ಅಷ್ಟು ನಗೆಯಲ್ಲೂ ಶ್ರುತಿ ಬಿಡಲಿಲ್ಲ ನಿನ್ನ ಮಗ. ಚನ್ನರಾಯಪಟ್ಟಣದಲ್ಲಿ ಇನ್ನೊಂದು ತಿಂಗಳು, ಆಮೇಲೆ ಎಲ್ಲೆಲ್ಲೋ. ವರ್ಷಕ್ಕೊಂದು ಸಲ ಊರಿಗೆ ಬಂದಾನು, ಬರದೇನೂ ಇದ್ದಾನು. ಏನಪ್ಪಾ, ಕಳಿಸ್ತೀಯಾ?"

ಜನ್ಮದಲ್ಲಿ ಎಷ್ಟೋ ಜನರನ್ನು ಕೇಳಿದ್ದ ತಮ್ಮಯ್ಯ. ಅವನನ್ನು ಒಬ್ಬರು ಹೀಗೆ ನಿಲ್ಲಿಸಿ ಕೇಳಿದ್ದು ಇದೇ ಮೊದಲು. ಗದ್ದೆ ನೆನಪಾಯಿತು. ನಾಳೆ ಬೆಳಿಗ್ಗೆ ಲಕ್ಷ್ಮಿದೇವಮ್ಮ ಎರಡು ತಟ್ಟೆ ಇಡುವುದೋ ಮೂರೋ ಎಂದು ನಿಲ್ಲುವುದು ಕಣ್ಣಿಗೆ ಕಟ್ಟಿತು. ಇಲ್ಲ ಎಂದು ಒಂದು ಮಾತು ಹೇಳಿದರೆ ಮಗ ನಿಲ್ಲುತ್ತಾನೆ ಎಂದೂ ಅವನಿಗೆ ಗೊತ್ತಿತ್ತು.

"ಕರ್ಕೊಂಡೋಗಿ ಸಾ" ಎಂದ. "ಊರು, ಅಪ್ಪ, ಎಸ್ರು, ಅವ್ನು ಏಳೋದ್ನೆಲ್ಲ ಏಳಾಯ್ತು."

ಚನ್ನರಾಯಪಟ್ಟಣದ ಬಸ್ಸು ಬಂತು. ಚಲುವಯ್ಯ ಮೆಟ್ಟಿಲ ಮೇಲೆ ಕಾಲಿಟ್ಟವನು ಹಿಂತಿರುಗಿದ. "ಅಪ್ಪಾ, ಅವತ್ತು ಸಂತೇಲಿ ನಾನು..."

"ಗೊತ್ತು ಕಣ್ಲಾ. ತಡಿಕೆ ಹಿಂದ್ಗಡೇನೇ ಕೂತಿದ್ದೆ."

ತಮ್ಮಯ್ಯ ಕೈ ಚಾಚಿ, ನಾಟಕದಲ್ಲಿ ಇಡಲು ಮರೆತಿದ್ದ ಕೈಯನ್ನು ಮಗನ ತಲೆಯ ಮೇಲಿಟ್ಟ.

"ಓಗು. ಗಂಟ್ಲಿಗೆ ತಣ್ಣೀರು ಕುಡೀಬ್ಯಾಡ."

"ಯಾರ್ರೀ ಅದು ಬಾಗಿಲಿಗೆ ಅಡ್ಡ ನಿಂತಿರೋದು? ಸರೀರಿ ಅತ್ಲಾಗೆ!" ಎಂದು ಕಂಡಕ್ಟರು ಕೂಗಿದ.

ತಮ್ಮಯ್ಯ ಪಕ್ಕಕ್ಕೆ ಸರಿದು ಜಾಗ ಬಿಟ್ಟ.